ಮನೆಯ ವೀಡಿಯೋ ಮತ್ತು ಭೌತಶಾಸ್ತ್ರ

ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪಕ್ಕೆ ಆ ಹೆಸರು ಬಂದುದು ಅದರ ಮೂಲೆಗಳಲ್ಲಿ ಕಡೆದಿರುವ ಕಲ್ಲಿನ ಬಳೆಗಳಿಂದ. ಅವನ್ನು ನೋಡಲು ಮನೆಮಂದಿಯೊಡನೆ ಹೋದ ನಾವು ವೀಡಿಯೋ ತೆಗೆದುಕೊಂಡು ಬರುತ್ತೇವೆ. ಮನೆಯಲ್ಲಿ ನೋಡಿದರೆ ಕಲ್ಲು ಕುಣಿಯುತ್ತಿರುತ್ತದೆ. ಬಾಗಿಲಲ್ಲಿ ನಿಂತ ಅಜ್ಜಿಯ ಮುಖ ಬರಿಯ ನೆರಳಾಗಿರುತ್ತದೆ. ಕಲ್ಲನ್ನು ನಾಳೆಯೂ ಚಿತ್ರಿಸಬಹುದು. ಅಜ್ಜಿಯ ಆ ನಗು ಮತ್ತೆ ದೊರೆಯಲಾರದು. ಇಂಥ ದೋಷಗಳಿಗೆ ಕಾರಣವೇನು?

ಮೊದಲು ಕುಣಿತವನ್ನು ಪರಿಶೀಲಿಸೋಣ. ಕ್ಯಾಮರಾದ ನೋಟದ ಅಗಲ 60 ಡಿಗ್ರಿ ಎಂದಿಟ್ಟುಕೊಳ್ಳೋಣ. ಕೈ ಒಂದು ಡಿಗ್ರಿ ಅಲುಗಿದರೆ ಚಿತ್ರವು ತನ್ನ ಅಗಲದ ಸುಮಾರು 1/60 ಪಾಲಿನಷ್ಟು ಮಾತ್ರ ಸರಿಯುತ್ತದೆ. ಜೂಮ್ ಮಾಡಿ ನೋಟವನ್ನು 6 ಡಿಗ್ರಿಗೆ ಕಿರಿದುಗೊಳಿಸಿದಾಗ ಅದೇ ಅಲುಗಾಟಕ್ಕೆ ಚಿತ್ರವು 1/6 ಪಾಲು ಜಿಗಿಯುತ್ತದೆ. ಕೈಯ ನಡುಕ ಹೆಚ್ಚಲಿಲ್ಲ. ಅದರ ಪರಿಣಾಮ ಹತ್ತು ಪಟ್ಟಾಯಿತು. ಆದುದರಿಂದ ಜೂಮ್ ಮಾಡುವುದಕ್ಕಿಂತ ನಾಲ್ಕು ಹೆಜ್ಜೆ ಹತ್ತಿರ ಹೋಗುವುದು ಲೇಸು. ಹೋಗಲಾಗದಿದ್ದರೆ ಟ್ರೈಪಾಡ್ ಬೇಕು. ಅದೂ ಇಲ್ಲವಾದರೆ ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿಯಬೇಕು.

ಇನ್ನು ಕಪ್ಪಾದ ಮುಖ. ಕ್ಯಾಮರಾ ಸಾಮಾನ್ಯವಾಗಿ ಇಡೀ ದೃಶ್ಯದ ಬೆಳಕನ್ನು ಅಳೆದು, ಅದಕ್ಕೆ ತಕ್ಕಂತೆ ಒಳಬರುವ ಬೆಳಕನ್ನು ನಿಯಂತ್ರಿಸುತ್ತದೆ. ಹಿನ್ನೆಲೆಯಲ್ಲಿ ನಡುಹಗಲ ಬಿಸಿಲಿದ್ದರೆ ದೃಶ್ಯವೆಲ್ಲ ಬೆಳಕೇ ಎಂದು ಬಗೆದು ಬೆಳಕನ್ನು ತಗ್ಗಿಸುತ್ತದೆ. ನೆರಳಿನಲ್ಲಿರುವ ಮುಖ ಮತ್ತಷ್ಟು ಕಪ್ಪಾಗುತ್ತದೆ. ಬೆಳಕು ಮುಖದ ಮೇಲೆ ಬೀಳುವಂತೆ ನಾವು ನಿಲ್ಲುವ ಸ್ಥಳವನ್ನು ಬದಲಿಸಿದರೆ ಸಾಕು.

ರಾತ್ರಿ ಮದುವೆಯ ಮನೆಯಲ್ಲಿ ಮೂರನೆಯ ತೊಡಕು ಎದುರಾಗುತ್ತದೆ: ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಹರಿದಾಡುತ್ತವೆ. ನಮ್ಮ ದೇಶದ ವಿದ್ಯುತ್ ಪ್ರವಾಹ ಸೆಕೆಂಡಿಗೆ 50 ಬಾರಿ ಆವರ್ತಿಸುವುದರಿಂದ ಟ್ಯೂಬ್‌ಲೈಟ್‌ನಂಥ ಹಲವು ದೀಪಗಳ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ನಮ್ಮ ಕಣ್ಣು ಅದನ್ನು ಗುರುತಿಸದು. ಆದರೆ ಕ್ಯಾಮರಾ ಚಿತ್ರದ ಸಾಲುಗಳನ್ನು ಒಂದಾದ ಮೇಲೊಂದರಂತೆ ದಾಖಲಿಸುತ್ತದೆ. ಪ್ರತಿ ಸಾಲಿಗೂ 1/50 ಸೆಕೆಂಡು ಬೆಳಕು ಬಿದ್ದರೆ ಸರಿಯಾಗಿ ಎರಡು ಏರಿಳಿತಗಳು ಸೇರಿ, ಎಲ್ಲ ಸಾಲುಗಳೂ ಸಮನಾಗಿ ಬೆಳಗುತ್ತವೆ. 1/60 ಸೆಕೆಂಡಾದರೆ ಎರಡನೆಯ ಏರಿಳಿತ ಅರ್ಧದಲ್ಲಿಯೇ ಕತ್ತರಿಸಿಹೋಗುತ್ತದೆ. ಒಂದು ಸಾಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬೆಳಕು ದಕ್ಕುತ್ತದೆ. ಆದುದರಿಂದ ಷಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಹೊಂದಿಸಬೇಕು.

ಕೋನ, ಬೆಳಕು, ಆವರ್ತನ—ಇವು ಮೂರೂ ನಮ್ಮ ಪಠ್ಯಪುಸ್ತಕದ ಪರಿಚಿತ ಪದಗಳೇ. ಮುಂದಿನ ಹಬ್ಬಕ್ಕೆ ಕ್ಯಾಮರಾ ಎತ್ತುವ ಮೊದಲು ಅವುಗಳನ್ನು ಒಮ್ಮೆ ನೆನೆದರೆ ಅಜ್ಜಿಯ ನಗು ನಮ್ಮ ಮೊಮ್ಮಕ್ಕಳಿಗೂ ಸ್ಪಷ್ಟವಾಗಿ ಕಂಡೀತು.