ಒಂದೆಲಗವೂ ನೆನಪೂ

ಪರೀಕ್ಷೆಯ ಕಾಲ ಸಮೀಪಿಸಿತೆಂದರೆ ನಮ್ಮ ಮಲೆನಾಡು ಕರಾವಳಿಗಳ ಮನೆಗಳಲ್ಲಿ ಒಂದೆಲಗದ ತಂಬುಳಿಗೆ ವಿಶೇಷ ಮರ್ಯಾದೆ. ಗದ್ದೆಯ ಬದುವಿನಲ್ಲಿ, ಬಾವಿಕಟ್ಟೆಯ ತೇವದಲ್ಲಿ ಹಬ್ಬುವ ಈ ಬಳ್ಳಿ ತುಳುವರಿಗೆ ತಿಮರೆ, ಸಂಸ್ಕೃತದಲ್ಲಿ ಮಂಡೂಕಪರ್ಣಿ. ಚರಕಸಂಹಿತೆಯು ಬುದ್ಧಿಗೆ ಹಿತವೆಂದು ಎಣಿಸಿದ ನಾಲ್ಕು ಮೇಧ್ಯ ರಸಾಯನಗಳಲ್ಲಿ ಇದರ ರಸವೂ ಒಂದು. ನನ್ನ ತಾಯಿಯವರು ಅನ್ನಕ್ಕೆ ತಂಬುಳಿ ಬಡಿಸುತ್ತ, “ಉಣ್ಣು ಮಗು, ಓದಿದ್ದು ತಲೆಯಲ್ಲಿ ನಿಂತೀತು” ಎನ್ನುತ್ತಿದ್ದರು. ಇಂದು ಅವರ ನೆನಪೇ ಮಸುಕಾಗುತ್ತಿದೆ. ಅದೇ ಎಲೆಯನ್ನು ನಾನು ಅವರಿಗೆ ಯಾವ ಭರವಸೆಯಿಂದ ಬಡಿಸಲಿ?

ಈ ಪ್ರಶ್ನೆಗೆ ಉತ್ತರ ಹುಡುಕುವ ಯತ್ನ ನಮ್ಮ ನಾಡಿನಲ್ಲಿಯೇ ನಡೆದಿದೆ. ಮಣಿಪಾಲದ ವೈದ್ಯವಿಜ್ಞಾನಿಗಳು ಒಂದೆಲಗದ ಹಸಿ ಎಲೆಯ ರಸವನ್ನು ಇಲಿಗಳಿಗೆ ವಾರಗಟ್ಟಲೆ ಕುಡಿಸಿ, ಬಳಿಕ ಅವುಗಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ನೆನಪಿಗೆ ಆಧಾರವಾದ ಹಿಪ್ಪೊಕ್ಯಾಂಪಸ್ ಭಾಗದ ನರಕೋಶಗಳಲ್ಲಿ ಕವಲುಗಳು ಹೆಚ್ಚಾಗಿದ್ದುದು ಕಂಡಿತು. 2008ರಲ್ಲಿ ಪ್ರಕಟವಾದ ಈ ಫಲಿತಾಂಶ ಹರ್ಷದಾಯಕವೆಂಬುದರಲ್ಲಿ ಸಂದೇಹವಿಲ್ಲ. ಕವಲೊಡೆದ ನರಕೋಶಕ್ಕೆ ನೆರೆಯ ಕೋಶಗಳೊಡನೆ ಸಂಪರ್ಕ ಬೆಳೆಸಲು ಹೆಚ್ಚು ಎಡೆಯುಂಟು.

ಆದರೆ ಪ್ರಮಾಣವನ್ನು ಗಮನಿಸಬೇಕು. ಈ ಲಾಭ ಕಂಡುದು ಕಿಲೋಗ್ರಾಂ ತೂಕಕ್ಕೆ ದಿನವೊಂದಕ್ಕೆ 4 ಅಥವಾ 6 ಮಿಲಿಲೀಟರ್ ರಸವನ್ನು ದೀರ್ಘಕಾಲ ಕುಡಿದ ಇಲಿಗಳಲ್ಲಿ. ಈ ಲೆಕ್ಕವನ್ನೇ ನೇರವಾಗಿ ಏರಿಸಿದರೆ 50 ಕಿಲೋ ತೂಗುವ ವಿದ್ಯಾರ್ಥಿ ನಿತ್ಯವೂ 300 ಮಿಲಿಲೀಟರ್ ರಸ ಕುಡಿಯಬೇಕಾದೀತು! ಹಾಗೆ ಏರಿಸುವುದೂ ಶಾಸ್ತ್ರಸಮ್ಮತವಲ್ಲ. ಇಲಿಯ ದೇಹ ಔಷಧವನ್ನು ಅರಗಿಸುವ ಬಗೆ ಬೇರೆ, ನಮ್ಮದು ಬೇರೆ. ತಂಬುಳಿಗೆ ಅರೆದ ಒಂದು ಹಿಡಿ ಸೊಪ್ಪಿಗೂ ಪ್ರಯೋಗಶಾಲೆಯ ಈ ರಸಕ್ಕೂ ಇರುವ ಅಂತರವನ್ನು ಮರೆಯಲಾಗದು.

ಇನ್ನೊಂದು ತೊಡಕು ಹೆಸರಿನದು. ಒಂದೆಲಗವನ್ನು ನಮ್ಮಲ್ಲಿ ಬ್ರಾಹ್ಮಿ ಎಂದೂ ಕರೆಯುವುದುಂಟು. ನೀರುಬ್ರಾಹ್ಮಿಯಾದರೋ ಬೇರೆಯೇ ಕುಲದ ಸಸ್ಯ. ಇಲಿಗಳಿಗೆ ಕಲಿಸಿದ ಪಾಠ ಇದರ ಸಾರದಿಂದ ಚೆನ್ನಾಗಿ ನಿಲ್ಲುವುದೆಂದು ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರು 1982ರಲ್ಲಿ ತೋರಿಸಿದರು. ಬ್ಯಾಕೊಸೈಡ್ ಎಂಬ ಘಟಕಗಳು ಇದಕ್ಕೆ ಕಾರಣವೆಂದು ಎಣಿಕೆ. ಈ ವಿಚಾರ ಇಲಿಗಳಲ್ಲಿಯೇ ನಿಲ್ಲಲಿಲ್ಲ. ಆಸ್ಟ್ರೇಲಿಯದಲ್ಲಿ 40ರಿಂದ 65 ವಯಸ್ಸಿನ 76 ಮಂದಿಯ ಮೇಲೆ ಮೂರು ತಿಂಗಳು ನಡೆಸಿ 2002ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕಲಿಯುವ ವೇಗವೇನೂ ಹೆಚ್ಚಲಿಲ್ಲ. ಹೊಸದಾಗಿ ಕಲಿತದ್ದು ಮರೆಯುವುದು ಮಾತ್ರ ಕಡಿಮೆಯಾಯಿತು.

ಗಮನಿಸಿ: ಓದದುದನ್ನು ಯಾವ ಎಲೆಯೂ ತಂದುಕೊಡಲಿಲ್ಲ. ಪರೀಕ್ಷೆಯ ಹಿಂದಿನ ವಾರ ‘ಸ್ಮರಣಶಕ್ತಿ’ಯ ಸೀಸೆ ಕೊಳ್ಳುವ ವಿದ್ಯಾರ್ಥಿಗಳಿಗೆ ನಾನು ಹೇಳುವ ಮಾತು ಇಷ್ಟೇ. ಮೇಲಾಗಿ, ಆರೋಗ್ಯವಂತರಲ್ಲಿ ಕಂಡ ಅಲ್ಪ ಲಾಭ ಬೇರೆ. ಮುಪ್ಪಿನ ಮರೆವಿನ ರೋಗ ಗುಣವಾಗುವುದು ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಮಾರುವುದು ಸಲ್ಲದು.

ತಾಯಿಯವರಿಗೆ ಈಗ ವೈದ್ಯರ ಔಷಧ ನಡೆದಿದೆ. ತಂಬುಳಿಯನ್ನೂ ಬಿಟ್ಟಿಲ್ಲ, ಅದನ್ನು ಔಷಧವೆಂದಲ್ಲ, ಊಟವೆಂದು ಬಡಿಸುತ್ತೇನೆ. ಮೊನ್ನೆ ತುತ್ತು ಬಾಯಿಗಿಟ್ಟುಕೊಂಡು, “ಉಪ್ಪು ಕಡಿಮೆ” ಎಂದರು. ಅವರು ಹೇಳಿದ್ದು ಸರಿಯಾಗಿತ್ತು.