ಹೆಸರಿಗೂ ಒಂದು ಹಕ್ಕುಪತ್ರ

ನಮ್ಮ ಶಾಲೆಯ ಪ್ರಯೋಗಾಲಯದ ಕಪಾಟಿನಲ್ಲಿ ಎರಡು ಸೀಸೆಗಳು ಅಕ್ಕಪಕ್ಕದಲ್ಲಿವೆ. ಒಂದರಲ್ಲಿ ಬಟ್ಟಿ ಇಳಿಸಿದ ನೀರು, ಇನ್ನೊಂದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲ. ಕಣ್ಣಿಗೆ ಎರಡೂ ಒಂದೇ. ಇದು ಇಂಥದ್ದು ಎಂದು ಹೇಳುವುದು ಮೇಲೆ ಅಂಟಿಸಿದ ಚೀಟಿ ಮಾತ್ರ. ಚೀಟಿ ಅದಲುಬದಲಾದರೆ ಏನಾದೀತು ಎಂದು ಪ್ರತಿವರ್ಷ ಮಕ್ಕಳನ್ನು ಕೇಳುತ್ತೇನೆ. ಉತ್ತರ ಹೇಳಲು ಯಾರೂ ತಡಮಾಡುವುದಿಲ್ಲ.

ಅಂಗಡಿಯ ಕಪಾಟೂ ಹಾಗೆಯೇ. ಪೊಟ್ಟಣ ಬಿಚ್ಚದೆ ಒಳಗಿನ ಪುಡಿಯ ಗುಣ ತಿಳಿಯದು. ನಾವು ಹಣ ಕೊಡುವುದು ಮೇಲಿನ ಹೆಸರನ್ನು ನಂಬಿ. ಆ ಹೆಸರೇ ಬೇರೆಯವರ ಪಾಲಾದರೆ?

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಕೀಲರ ನೋಟಿಸು ಹಿಡಿದು ಮನೆಗೆ ಬಂದ. ಅವನ ತಾಯಿ 2014ರಿಂದ ಮನೆಯಲ್ಲೇ ಸಾಂಬಾರ್ ಪುಡಿ ಮಾಡಿ ಮಾರುತ್ತಿದ್ದರು. ಓದು ಮುಗಿಸಿದ ಮಗ ಅದನ್ನೇ ಉದ್ಯೋಗ ಮಾಡಿಕೊಂಡು, ಸಾಲ ತಂದು ಯಂತ್ರ ಹಾಕಿದ್ದ. ಈಗ ದೂರದ ಊರಿನ ವ್ಯಾಪಾರಿಯೊಬ್ಬರು ‘ಈ ಹೆಸರು ನಮ್ಮ ನೋಂದಾಯಿತ ಟ್ರೇಡ್ ಮಾರ್ಕ್, ಬಳಸುವುದನ್ನು ನಿಲ್ಲಿಸಿ’ ಎಂದು ಬರೆಸಿದ್ದರು.

‘ಇದು ನಮ್ಮಮ್ಮ ಇಟ್ಟ ಹೆಸರು ಸಾರ್. ಅಂಗಡಿ ಲೈಸೆನ್ಸ್ ಇದೆ, ಆಹಾರ ಇಲಾಖೆಯ ಪರವಾನಗಿ ಇದೆ, ಜಿಎಸ್‌ಟಿ ಇದೆ. ಇನ್ನೇನು ಬೇಕಿತ್ತು?’ ಎಂದ.

ಬೇಕಿದ್ದದ್ದು ಇನ್ನೊಂದೇ. ಪರವಾನಗಿಗಳು ವ್ಯಾಪಾರ ಮಾಡಲು ಅನುಮತಿ ಕೊಡುತ್ತವೆಯೇ ಹೊರತು ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ.

ಏನಿದು ಟ್ರೇಡ್ ಮಾರ್ಕ್?

ಒಬ್ಬರ ಸರಕು ಅಥವಾ ಸೇವೆಯನ್ನು ಇನ್ನೊಬ್ಬರದರಿಂದ ಬೇರ್ಪಡಿಸಿ ತೋರಿಸುವ ಗುರುತೇ ಟ್ರೇಡ್ ಮಾರ್ಕ್. ಅದು ಪದವಾಗಬಹುದು, ಚಿತ್ರವಾಗಬಹುದು. ಮೈಸೂರು ಸ್ಯಾಂಡಲ್ ಸಾಬೂನಿನ ಮೇಲಿನ ಶರಭವನ್ನು ನೆನಪಿಸಿಕೊಳ್ಳಿ: ಆನೆಯ ತಲೆ, ಸಿಂಹದ ಒಡಲು. ಅಕ್ಷರ ಬಾರದವರೂ ಅದನ್ನು ಗುರುತಿಸುತ್ತಾರೆ.

ಮಕ್ಕಳು ಇಲ್ಲಿ ಮೂರು ಹಕ್ಕುಗಳನ್ನು ಕಲಸಿಬಿಡುತ್ತಾರೆ. ಹೊಸ ಯಂತ್ರ ಕಂಡುಹಿಡಿದರೆ ಸಿಗುವುದು ಪೇಟೆಂಟ್. ಅದರ ಆಯುಸ್ಸು 20 ವರ್ಷ. ಪುಸ್ತಕ, ಚಿತ್ರ, ಸಂಗೀತಕ್ಕೆ ಕೃತಿಸ್ವಾಮ್ಯ. ಹೆಸರಿಗೆ ಟ್ರೇಡ್ ಮಾರ್ಕ್. ಇದರ ಅವಧಿ 10 ವರ್ಷ. ಆದರೆ ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋದರೆ ತಲೆಮಾರುಗಳವರೆಗೂ ಉಳಿಸಿಕೊಳ್ಳಬಹುದು. ನಮ್ಮಲ್ಲಿ ಈಗಿರುವುದು 1999ರ ಕಾಯಿದೆ. ಅದು ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು.

ಎಂಥ ಹೆಸರು ಗಟ್ಟಿ?

ಸಸ್ಯಗಳನ್ನು ಕುಟುಂಬಗಳಾಗಿ ವಿಂಗಡಿಸುವಂತೆ ಸರಕು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿದ್ದಾರೆ. 34 ಸರಕಿಗೆ, 11 ಸೇವೆಗೆ. ಮಸಾಲೆ, ಕಾಫಿ, ಚಹಾ 30ನೇ ವರ್ಗ. ಉಪ್ಪಿನಕಾಯಿ, ಹಾಲು 29. ಹೋಟೆಲು 43. ಒಂದೇ ಅಡುಗೆಮನೆಯಲ್ಲಿ ಸಾಂಬಾರ್ ಪುಡಿ, ಉಪ್ಪಿನಕಾಯಿ ಎರಡನ್ನೂ ಮಾಡುವವರು ಎರಡು ವರ್ಗಗಳಲ್ಲಿ ನೋಂದಾಯಿಸಬೇಕು.

ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. ಕರ್ನಾಟಕ ಹಾಲು ಮಹಾಮಂಡಳಿ 1985ರಿಂದ ‘ನಂದಿನಿ’ ಹೆಸರು ಬಳಸುತ್ತಿದೆ. ಬೆಂಗಳೂರಿನ ‘ನಂದಿನಿ ಡೀಲಕ್ಸ್’ ಹೋಟೆಲು 1989ರಿಂದ ಅದೇ ಉಚ್ಚಾರದ ಹೆಸರನ್ನು ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚಿಗೆ ಬರೆದು ಬಳಸುತ್ತಿತ್ತು. ಹೋಟೆಲಿನವರು ನೋಂದಣಿ ಕೇಳಿದಾಗ ಮಹಾಮಂಡಳಿ ವಿರೋಧಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2018ರ ಜುಲೈ 26ರ ತೀರ್ಪು ಹೋಟೆಲಿನ ಪರವಾಗಿ ಬಂತು. ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ಉಳಿದವಕ್ಕೆ ಅವರು ಹೆಸರನ್ನು ನೋಂದಾಯಿಸಬಹುದು ಎಂದಾಯಿತು. ಸರಕುಗಳು ಬೇರೆ, ಚಿಹ್ನೆಗಳ ನೋಟ ಬೇರೆ; ಮೇಲಾಗಿ ನಂದಿನಿ ಎಂಬುದು ಪುರಾಣದ ಹೆಸರು, ಯಾರೋ ಹೊಸದಾಗಿ ಸೃಷ್ಟಿಸಿದ ಪದವಲ್ಲ ಎಂದು ನ್ಯಾಯಾಲಯ ಗಮನಿಸಿತು.

ಇದರಲ್ಲಿ ನಮಗೊಂದು ಪಾಠವಿದೆ. ಎಲ್ಲರ ಬಾಯಲ್ಲಿರುವ ಪದವನ್ನು ಒಬ್ಬರೇ ಬೇಲಿ ಹಾಕಿ ಇಟ್ಟುಕೊಳ್ಳುವುದು ಕಷ್ಟ. ‘ರುಚಿಯಾದ ಸಾಂಬಾರ್ ಪುಡಿ’ ಎಂಬಂತೆ ಸರಕಿನ ಗುಣವನ್ನಷ್ಟೇ ಹೇಳುವ ಹೆಸರಿಗೆ ಸಾಮಾನ್ಯವಾಗಿ ನೋಂದಣಿ ಸಿಗದು. ನೀವೇ ಕಟ್ಟಿದ ಹೊಸ ಪದ ಎಲ್ಲಕ್ಕಿಂತ ಗಟ್ಟಿ.

ನೋಂದಣಿ ಹೇಗೆ?

ಮೊದಲು ಹುಡುಕಾಟ. ನೀವು ಆರಿಸಿದ ಹೆಸರನ್ನೋ ಅದನ್ನು ಹೋಲುವ ಹೆಸರನ್ನೋ ಆಗಲೇ ಯಾರಾದರೂ ಕೇಳಿದ್ದಾರೆಯೇ ಎಂದು ಟ್ರೇಡ್ ಮಾರ್ಕ್ ನೋಂದಣಿ ಕಚೇರಿಯ ಅಂತರ್ಜಾಲ ತಾಣದಲ್ಲಿ ಪುಕ್ಕಟೆಯಾಗಿ ನೋಡಬಹುದು. ಪೊಟ್ಟಣ ಅಚ್ಚು ಹಾಕಿಸುವ ಮೊದಲೇ ಈ ಕೆಲಸ ಮಾಡಿ.

ಅನಂತರ ‘ಟಿಎಂ-ಎ’ ನಮೂನೆಯಲ್ಲಿ ಅರ್ಜಿ. ಕರ್ನಾಟಕದವರಿಗೆ ಚೆನ್ನೈ ಕಚೇರಿ. ಮನೆಯಿಂದಲೇ ಆನ್‌ಲೈನಿನಲ್ಲಿ ಸಲ್ಲಿಸಬಹುದು. ಹಾಗೆ ಸಲ್ಲಿಸಿದರೆ 2017ರ ನಿಯಮಗಳ ಪ್ರಕಾರ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ವರ್ಗವೊಂದಕ್ಕೆ ಶುಲ್ಕ 4,500 ರೂಪಾಯಿ. ದೊಡ್ಡ ಕಂಪನಿಗಳಿಗೆ 9,000. ಅರ್ಜಿ ಮಾಲೀಕರ ಹೆಸರಿನಲ್ಲೇ ಇರಲಿ.

ಅಧಿಕಾರಿಗಳು ಪರಿಶೀಲಿಸಿ ಆಕ್ಷೇಪ ಎತ್ತಿದರೆ 30 ದಿನಗಳಲ್ಲಿ ಉತ್ತರಿಸಬೇಕು. ಒಪ್ಪಿಗೆಯಾದರೆ ಹೆಸರು ಟ್ರೇಡ್ ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ತಕರಾರು ಇರುವವರಿಗೆ 4 ತಿಂಗಳ ಕಾಲಾವಕಾಶ. ಯಾರೂ ಬಾರದಿದ್ದರೆ ಪ್ರಮಾಣಪತ್ರ. ಅದು ಕೈಸೇರುವುದು ಎಂದೇ ಆದರೂ ಹಕ್ಕು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ವೃತ್ತದೊಳಗಿನ ‘ಆರ್’ ಅಕ್ಷರವನ್ನು ಮಾತ್ರ ನೋಂದಣಿಯಾದ ಮೇಲೆಯೇ ಹಾಕಬೇಕು. ಮೊದಲೇ ಹಾಕುವುದು ಕಾನೂನುಬಾಹಿರ. ಅಲ್ಲಿಯವರೆಗೆ ‘ಟಿಎಂ’ ಸಾಕು.

ಪಡೆದ ಮೇಲೆ ಕಾಯಬೇಕು

ಹೊಲಕ್ಕೆ ಪಹಣಿ ಇದ್ದರಷ್ಟೇ ಸಾಲದು, ಉಳುಮೆಯೂ ಬೇಕು. ಐದು ವರ್ಷಕ್ಕೂ ಮಿಕ್ಕಿ ಬಳಸದೆ ಬಿಟ್ಟ ಹೆಸರನ್ನು ಪಟ್ಟಿಯಿಂದ ತೆಗೆಸಲು ಬೇರೆಯವರು ಕೇಳಬಹುದು. ನಕಲು ಕಂಡಾಗ ಸುಮ್ಮನಿದ್ದರೆ ಹಕ್ಕು ಸಡಿಲವಾಗುತ್ತದೆ.

ನೋಂದಾಯಿಸದವರಿಗೆ ರಕ್ಷಣೆಯೇ ಇಲ್ಲವೆಂದಲ್ಲ. ನೋಂದಾಯಿಸಿದವರಿಗಿಂತ ಮೊದಲಿನಿಂದಲೂ ಎಡೆಬಿಡದೆ ಹೆಸರು ಬಳಸುತ್ತಿದ್ದವರನ್ನು ಕಾನೂನು ತಡೆಯುವುದಿಲ್ಲ. ಆದರೆ ‘ಮೊದಲಿನಿಂದಲೂ’ ಎಂಬುದನ್ನು ರುಜುವಾತು ಮಾಡಬೇಕು.

ನನ್ನ ವಿದ್ಯಾರ್ಥಿಯನ್ನು ಉಳಿಸಿದ್ದು ಅದೇ. ಆ ವ್ಯಾಪಾರಿ ಹೆಸರು ಬಳಸತೊಡಗಿದ್ದೂ ಅರ್ಜಿ ಹಾಕಿದ್ದೂ 2019ರಲ್ಲಿ. ಹುಡುಗನ ತಾಯಿ 2014ರಿಂದಲೂ ಪ್ರತಿ ರಸೀದಿಯ ನಕಲನ್ನು ದಿನಾಂಕ ಸಮೇತ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದರು. ವಕೀಲರು ಅವುಗಳ ಪ್ರತಿ ಸೇರಿಸಿ ಉತ್ತರ ಬರೆದರು. ಆ ಕಡೆಯವರು ಸುಮ್ಮನಾದರು.

ಹಾಗೆಂದು ಪೂರ್ತಿ ಗೆದ್ದಂತಾಗಲಿಲ್ಲ. ಪ್ರಮಾಣಪತ್ರ ಇಂದಿಗೂ ಅವರ ಬಳಿಯೇ ಇದೆ. ಅದನ್ನು ರದ್ದು ಮಾಡಿಸಲು ಬೇರೆ ಅರ್ಜಿ, ಬೇರೆ ಖರ್ಚು, ಬೇರೆ ಅಲೆದಾಟ. ಅಂದು 4,500 ರೂಪಾಯಿಯಲ್ಲಿ ಆಗಬಹುದಾಗಿದ್ದ ಕೆಲಸಕ್ಕೆ ವಕೀಲರ ಮೊದಲ ಉತ್ತರಕ್ಕೇ ಅದಕ್ಕಿಂತ ಹೆಚ್ಚು ಹಣ ಹೋಯಿತು.

ತಂದೆತಾಯಂದಿರೇ, ನಿಮ್ಮ ಮನೆಯಲ್ಲಿ ಸಣ್ಣದೊಂದು ವ್ಯಾಪಾರವಿದ್ದರೆ ಅದರ ಹೆಸರು ಯಾರ ಹೆಸರಿನಲ್ಲಿದೆ ಎಂದು ಈ ವಾರವೇ ನೋಡಿ. ಮಕ್ಕಳೇ, ಪ್ರಯೋಗದ ಪುಸ್ತಕದಲ್ಲಿ ದಿನಾಂಕ ಬರೆಯಿರಿ ಎಂದು ನಾನು ಗೊಣಗಿದಾಗ ಇನ್ನು ಮುಂದೆ ನಗಬೇಡಿ. ಆ ತಾಯಿ ಓದಿದ್ದು ಏಳನೇ ತರಗತಿ. ದಿನಾಂಕ ಬರೆಯುವುದನ್ನು ಮಾತ್ರ ಒಂದು ದಿನವೂ ಮರೆತಿರಲಿಲ್ಲ.