ಅಂತರಸನಹಳ್ಳಿ ಪಕ್ಕದ ಆಕಾಶದಾರಿ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಶಿವಮೊಗ್ಗದ ಸೋಗಾನೆಯಲ್ಲಿರುವ ಕುವೆಂಪು ವಿಮಾನ ನಿಲ್ದಾಣಕ್ಕೆ ಭೂಪಟದ ಮೇಲೊಂದು ನೇರ ಗೆರೆ ಎಳೆಯಿರಿ. ದೊಡ್ಡಬಳ್ಳಾಪುರ ಸೀಮೆ ದಾಟಿದ ಗೆರೆ ತುಮಕೂರಿನ ಉತ್ತರದ ಅಂಚು ಹಿಡಿದು, ಹೂವು–ತರಕಾರಿ ಮಾರುಕಟ್ಟೆಗೆ ಹೆಸರಾದ ಅಂತರಸನಹಳ್ಳಿಯ ಹತ್ತಿರವೇ ಹಾದು ಮಲೆನಾಡಿನತ್ತ ಹೋಗುತ್ತದೆ. ಉದ್ದ ಸುಮಾರು 240 ಕಿ.ಮೀ.

ಈ ಗೆರೆಗೆ ವಿಮಾನ ಬಂದದ್ದು ತಡವಾಗಿ. ಅದಕ್ಕೂ ಮೊದಲು ಇದ್ದದ್ದು ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರುಗಳನ್ನು ಪೋಣಿಸುತ್ತಾ ಸಾಗುವ ಬಿ.ಎಚ್. (ಬೆಂಗಳೂರು–ಹೊನ್ನಾವರ) ರಸ್ತೆ, ಅದರ ಜೊತೆಜೊತೆಗೇ ಓಡುವ ರೈಲು ಹಳಿ. ಬಹಳ ವರ್ಷ ಕುಂಟಿದ ಸೋಗಾನೆಯ ಕಾಮಗಾರಿ 2020ರಲ್ಲಿ ಮತ್ತೆ ಚುರುಕಾಯಿತು. 2023ರ ಫೆಬ್ರುವರಿ 27ರಂದು ನಿಲ್ದಾಣದ ಉದ್ಘಾಟನೆ ನಡೆಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಇಂಡಿಗೊದ ಎಟಿಆರ್ ವಿಮಾನ ಬಂದಿಳಿಯಿತು. ವೇಳಾಪಟ್ಟಿಯಲ್ಲಿ ಅದಕ್ಕೆ ಕೊಟ್ಟಿದ್ದ ಸಮಯ ಸುಮಾರು ಒಂದೂಕಾಲು ಗಂಟೆ.

ಇಲ್ಲೊಂದು ಲೆಕ್ಕ ಹಾಕಬೇಕು. ರೆಕ್ಕೆಯ ಮುಂದೆ ಪಂಖ ತಿರುಗುವ ಎಟಿಆರ್ ಪೂರ್ಣ ವೇಗದಲ್ಲಿ ಗಂಟೆಗೆ 500 ಕಿ.ಮೀ. ಆಸುಪಾಸು ಹಾರುತ್ತದೆ. ಹಾಗಾದರೆ 240 ಕಿ.ಮೀ.ಗೆ ಅರ್ಧ ಗಂಟೆ ಸಾಕಲ್ಲ? ಸಾಲದು. ವಿಮಾನಯಾನದವರು ಸಮಯ ಎಣಿಸುವುದು ವಿಮಾನ ನಿಂತ ಜಾಗ ಬಿಟ್ಟು ಕದಲಿದಾಗಿನಿಂದ, ಇನ್ನೊಂದು ಊರಿನಲ್ಲಿ ಪೂರ್ತಿ ನಿಲ್ಲುವವರೆಗೆ. ರನ್‌ವೇವರೆಗಿನ ತೆವಳುವಿಕೆ, ಸರದಿಯ ಕಾಯುವಿಕೆ, ಏರುವಾಗಿನ, ಇಳಿಯುವಾಗಿನ ನಿಧಾನ ಎಲ್ಲವೂ ಅದರೊಳಗೇ.

ಗಾಳಿಯ ಪಾಲೂ ಇದೆ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏರುತ್ತದೆ, ಇಳಿಯುತ್ತದೆ. ಬೆಂಗಳೂರಿನ ಎರಡು ರನ್‌ವೇಗಳೂ ಪೂರ್ವ–ಪಶ್ಚಿಮವಾಗಿವೆ. ಮುಂಗಾರಿನ ಪಡುವಣ ಗಾಳಿಯಲ್ಲಿ ಶಿವಮೊಗ್ಗದ ವಿಮಾನ ನೇರ ತುಮಕೂರಿನ ಕಡೆಗೇ ಮುಖ ಮಾಡಿ ಏರುತ್ತದೆ. ಚಳಿಗಾಲದ ಮೂಡಣ ಗಾಳಿಯಲ್ಲಿ ಪೂರ್ವಕ್ಕೆ ಏರಿ, ಸುತ್ತಿ ಬರಬೇಕು. ಮಲೆನಾಡಿನ ಮಂಜು, ಮೋಡ ಬೇರೆ. ರಾತ್ರಿ ಇಳಿಯುವ ಸೌಲಭ್ಯವಿಲ್ಲದ ಆರಂಭದ ದಿನಗಳಲ್ಲಿ ಮಬ್ಬು ಕವಿದಾಗ ಶಿವಮೊಗ್ಗದ ಹಾರಾಟಗಳೇ ರದ್ದಾದದ್ದುಂಟು.

ಮಲೆನಾಡಿನವರಿಗೆ ಈ ವಿಮಾನ ದೊಡ್ಡ ಅನುಕೂಲ. ಬೆಂಗಳೂರಿನಲ್ಲಿ ವಿಮಾನ ಬದಲಿಸಿ ದೆಹಲಿಗೋ ದುಬೈಗೋ ಹೋಗುವವರು ರಾತ್ರಿಯಿಡೀ ರಸ್ತೆಯಲ್ಲಿ ನುಗ್ಗಾಗುವುದು ತಪ್ಪಿತು. ಆದರೆ ಅಂತರಸನಹಳ್ಳಿಯವರು ಅದನ್ನು ಹತ್ತಬೇಕೆಂದರೆ ಡಾಬಸ್‌ಪೇಟೆ, ದೊಡ್ಡಬಳ್ಳಾಪುರ ಬಳಸಿ ದೇವನಹಳ್ಳಿ ಕಡೆಗೆ, ಅಂದರೆ ಶಿವಮೊಗ್ಗಕ್ಕೆ ಬೆನ್ನು ಹಾಕಿ, ಒಂದೂವರೆ–ಎರಡು ಗಂಟೆ ಹೋಗಬೇಕು. ತಪಾಸಣೆಗೆ ಇನ್ನೊಂದು ಗಂಟೆ ಮೊದಲೇ ಅಲ್ಲಿರಬೇಕು.

ಈ ಸುತ್ತು ತಗ್ಗುವ ಅವಕಾಶವೊಂದಿದೆ: ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ 2025ರಲ್ಲಿ ಪರಿಶೀಲಿಸಿದ ಮೂರು ಜಾಗಗಳಲ್ಲಿ ಒಂದು ನೆಲಮಂಗಲ–ಕುಣಿಗಲ್ ರಸ್ತೆಯದು. ಜಾಗ ಆರಿಸುವವರು ಬೆಂಗಳೂರಿಗೆ ಎಷ್ಟು ದೂರ ಎಂಬುದರ ಜೊತೆಗೆ ತುಮಕೂರು, ಗುಬ್ಬಿ, ಕುಣಿಗಲ್ಲಿನಿಂದ ತಲುಪಲು ಎಷ್ಟು ಹೊತ್ತು ಬೇಕೆಂಬುದನ್ನೂ ಅಳೆಯಲಿ. ಆ ನಿಲ್ದಾಣ ಬರುವವರೆಗೆ ತುಮಕೂರಿನವರು ಶಿವಮೊಗ್ಗಕ್ಕೆ ಹೋಗಲು ಜನಶತಾಬ್ದಿ ರೈಲನ್ನೇ ಹಿಡಿಯುವುದು ಒಳ್ಳೆಯದು.